ಬೈಯುವ ಅಪ್ಪ, ಚುಚ್ಚುವ ಅಮ್ಮ: ಬೆಳೆದ ಮಕ್ಕಳು ಏನು ಮಾಡಬಹುದು?

ಕಾಸರಗೋಡಿನ ಕಡೆ ಒಬ್ಬರೇ ದಿನಕ್ಕೆ ಮೂರ್ನಾಲ್ಕು ಭಾಷೆ ಆಡುವುದು ದೊಡ್ಡ ಸಂಗತಿಯೇನಲ್ಲ. ಪೇಟೆಯಲ್ಲಿ ಮಲಯಾಳ, ತೋಟದ ಕೆಲಸದವರ ಜೊತೆ ತುಳು, ಸೊಸೈಟಿ ಬ್ಯಾಂಕಿನಲ್ಲಿ ಕನ್ನಡ, ಮನೆಯೊಳಗೆ ಮನೆಯ ಭಾಷೆ. ಭಾಷೆ ಬದಲಾದ ಹಾಗೆ ಕೆಲವರ ದನಿಯೂ ಬದಲಾಗುತ್ತದೆ. ಬ್ಯಾಂಕಿನ ಕೌಂಟರಿನಲ್ಲಿ ಅರ್ಧ ಗಂಟೆ ಕಾಯಿಸಿದರೂ 'ಪರವಾಗಿಲ್ಲ' ಎಂದು ನಗುವ ಅಪ್ಪ, ಮನೆಗೆ ಬಂದ ಮೇಲೆ ಚಾ ಐದು ನಿಮಿಷ ತಡವಾದರೆ ಮಗಳು ಹುಟ್ಟಿದ ಗಳಿಗೆಯನ್ನೇ ಶಪಿಸುತ್ತಾರೆ. ಅಂದರೆ ಅವರಿಗೆ ಬಾಯಿ ಕಟ್ಟಿಕೊಳ್ಳಲು ಬರುತ್ತದೆ. ಎಲ್ಲಿ ಕಟ್ಟಬೇಕು, ಎಲ್ಲಿ ಬಿಡಬೇಕು ಎಂಬ ಲೆಕ್ಕವೂ ಗೊತ್ತಿದೆ. "ಅವರ ಸ್ವಭಾವವೇ ಹಾಗೆ, ಸಿಟ್ಟು ಬಂದರೆ ತಡೀಲಿಕ್ಕೆ ಆಗುದಿಲ್ಲ" ಎಂದು ಮನೆಯವರು ಹೇಳುವಾಗ ಇದನ್ನು ನೆನಪಿಟ್ಟುಕೊಂಡರೆ ಒಳ್ಳೆಯದು.

ಬೈಗುಳವೇ ಇಲ್ಲದ ಮನೆ ನಮ್ಮ ಊರಲ್ಲಿ ಸಿಗುವುದು ಕಷ್ಟ. ಅಜ್ಜಿ ಮೊಮ್ಮಗನನ್ನು ಮಂಗ, ಕತ್ತೆ ಎಂದು ಕರೆದೇ ಬಡಿಸುತ್ತಾರೆ. ಮೊಮ್ಮಗ ನಗುತ್ತಾ ಇನ್ನೊಂದು ದೋಸೆ ಕೇಳುತ್ತಾನೆ. ಅದು ಬೇರೆ ಲೆಕ್ಕ. ಹಾಗಾದರೆ ಗೆರೆ ಎಲ್ಲಿ? ನಾನು ಮೂರು ಕಡೆ ನೋಡುತ್ತೇನೆ. ಬೈಗುಳ ಮಾಡಿದ ಕೆಲಸಕ್ಕೆ ತಾಗುತ್ತಿದೆಯೋ, ಮನುಷ್ಯನಿಗೇ ತಾಗುತ್ತಿದೆಯೋ? "ಪಂಪಿನ ಸ್ವಿಚ್ಚು ಆರಿಸದೆ ಬಂದೆಯಲ್ಲ, ತಲೆ ಇಲ್ವಾ?" ಎಂಬುದು ಕೆಲಸಕ್ಕೆ. "ನಿನ್ನ ಬದಲು ಒಂದು ಬಾಳೆ ನೆಟ್ಟಿದ್ದರೆ ಗೊನೆಯಾದರೂ ಸಿಗುತ್ತಿತ್ತು" ಎಂಬುದು ಮನುಷ್ಯನಿಗೆ. ಎರಡನೆಯದು, ತಿರುಗಿ ಮಾತಾಡಲು ಎಲ್ಲರಿಗೂ ಅವಕಾಶ ಇದೆಯೋ, ಒಬ್ಬರ ಬಾಯಿ ಮಾತ್ರ ನಡೆಯುತ್ತದೆಯೋ? ಕೊನೆಯದು, ಮತ್ತು ನನ್ನ ಮಟ್ಟಿಗೆ ಮುಖ್ಯವಾದದ್ದು, ಹೆದರಿಕೆ. ಸ್ಕೂಟರಿನ ಸದ್ದು ಗೇಟಿನ ಹತ್ತಿರ ಕೇಳಿದ ಕೂಡಲೇ ಟಿವಿ ಆರಿಸಿ ಒಳಗೆ ಓಡುವ ಮಕ್ಕಳಿರುವ ಮನೆಯಲ್ಲಿ ಇನ್ನೇನನ್ನೂ ಅಳೆಯಬೇಕಾಗಿಲ್ಲ.

ಎಲ್ಲ ಬೈಗುಳಕ್ಕೂ ಸದ್ದು ಇರಲೇಬೇಕೆಂದಿಲ್ಲ. ಅಮ್ಮಂದಿರ ಕೈಯಲ್ಲಿ ಇದು ಎಷ್ಟೋ ಸಲ ಮೆತ್ತಗಿನ ದನಿಯಲ್ಲಿ ಬರುತ್ತದೆ. ದೊಡ್ಡಮ್ಮನ ಮಗಳ ಜೊತೆ ಹೋಲಿಸುವುದು. ಬಂದ ನೆಂಟರ ಮುಂದೆ ಮಗಳ ಬಣ್ಣ, ಗಾತ್ರ, ಕೂಡಿ ಬಾರದ ಮದುವೆ ಇವನ್ನೆಲ್ಲ ತಮಾಷೆಯ ಹಾಗೆ ಎತ್ತುವುದು. ನಾಲ್ಕು ದಿನ ಮಾತು ಬಿಡುವುದು. "ನಾನು ಸತ್ತ ಮೇಲೆ ಗೊತ್ತಾಗ್ತದೆ ನಿಮಗೆ" ಎಂದು ಊಟ ಬಿಟ್ಟು ಮಲಗುವುದು. ಹೊರಗಿನವರಿಗೆ ಇದು ಕಾಣುವುದೇ ಇಲ್ಲ. ಹಾಗಾಗಿ ಮಕ್ಕಳು ದೂರು ಹೇಳಿದರೂ ಯಾರೂ ನಂಬುವುದಿಲ್ಲ.

ಮಾತಿನ ಪೆಟ್ಟು

"ಹೊಡೆದಿಲ್ಲವಲ್ಲ, ಮಾತಲ್ಲಿ ಹೇಳಿದ್ದಷ್ಟೇ" ಎನ್ನುವವರಿಗೆ ಉತ್ತರ ಸಿಕ್ಕಿ ವರ್ಷಗಳಾದವು. ಬಾಲ್ಯದ ಕಹಿ ಅನುಭವಗಳು ದೊಡ್ಡವರಾದ ಮೇಲೆ ಏನು ಮಾಡುತ್ತವೆ ಎಂದು ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ನಡೆದ ದೊಡ್ಡ ಅಧ್ಯಯನದ ಮೊದಲ ವರದಿ 1998ರಲ್ಲಿ ಬಂತು. ಒಂಬತ್ತು ಸಾವಿರಕ್ಕೂ ಹೆಚ್ಚು ಜನರನ್ನು ಕೇಳಿದ ಪ್ರಶ್ನೆಗಳಲ್ಲಿ ಮನೆಯ ಹಿರಿಯರು ಪದೇ ಪದೇ ಬೈದು ಅವಮಾನಿಸುತ್ತಿದ್ದರೇ ಎಂಬುದೂ ಒಂದು. ಇಂಥ ಅನುಭವಗಳು ಒಂದರ ಮೇಲೊಂದು ಸೇರಿದಷ್ಟೂ ಖಿನ್ನತೆ, ಕುಡಿತ, ಹೃದಯದ ಕಾಯಿಲೆ ಎಲ್ಲವೂ ಹೆಚ್ಚಾಗಿದ್ದವು. 2006ರಲ್ಲಿ ಮಾರ್ಟಿನ್ ಟೈಕರ್ ಎಂಬ ಮನೋವೈದ್ಯರ ತಂಡ 18ರಿಂದ 22 ವರ್ಷದವರನ್ನು ನೋಡಿದಾಗ, ಹೆತ್ತವರ ಬೈಗುಳ ಒಂದನ್ನೇ ಉಂಡು ಬೆಳೆದವರ ಮನಸ್ಸಿನ ಮೇಲಿನ ಪೆಟ್ಟು, ಮನೆಯೊಳಗಿನ ಹೊಡೆತ ಬಡಿತ ನೋಡಿ ಬೆಳೆದವರ ಪೆಟ್ಟಿಗೆ ಸರಿಸಮವಾಗಿ ಕಂಡಿತು.

ನಮ್ಮ ಮನೆಗಳಿಗೆ ಇನ್ನೂ ಹತ್ತಿರವಾದದ್ದು 2013ರ ಒಂದು ಅಧ್ಯಯನ. ಅಮೆರಿಕದ 976 ಕುಟುಂಬಗಳಲ್ಲಿ 13, 14 ವರ್ಷದ ಮಕ್ಕಳನ್ನು ಮಿಂಗ್-ಟೆ ವಾಂಗ್ ಮತ್ತು ಸಾರಾ ಕೆನ್ನಿ ಗಮನಿಸಿದರು. ಬೈಗುಳ ಜಾಸ್ತಿಯಾದ ಮನೆಯ ಮಕ್ಕಳಲ್ಲಿ ಮಂಕು ಹೆಚ್ಚಿತು, ತಂಟೆ ಕಡಿಮೆಯಾಗಲಿಲ್ಲ, ಇನ್ನೂ ಹೆಚ್ಚಿತು. ಮಕ್ಕಳ ತಂಟೆ ಹೆಚ್ಚಿದಾಗ ಹೆತ್ತವರ ಬೈಗುಳವೂ ಏರಿತು. ಒಂದನ್ನೊಂದು ಏರಿಸುವ ಸುತ್ತು ಅದು. ಮತ್ತೊಂದು ವಿಷಯವನ್ನು ಇಲ್ಲಿ ಗಟ್ಟಿಯಾಗಿಯೇ ಹೇಳಬೇಕು. ಅದೇ ಹೆತ್ತವರು ಬೇರೆ ಹೊತ್ತಿನಲ್ಲಿ ಪ್ರೀತಿಯಿಂದ ನೋಡಿಕೊಂಡರೂ ಬೈಗುಳದ ಹಾನಿ ಕಡಿಮೆಯಾಗಲಿಲ್ಲ. "ಬೈದರೂ ಅಪ್ಪನಿಗೆ ಹೊಟ್ಟೆಯೊಳಗೆ ಪ್ರೀತಿ ಉಂಟು" ಎಂದು ನಾವು ಮಕ್ಕಳಿಗೆ ಹೇಳುವ ಸಮಾಧಾನ ಇದೆಯಲ್ಲ, ಅದು ನಿಜವೇ ಇರಬಹುದು. ಪೆಟ್ಟಿಗೆ ಮಾತ್ರ ಅದು ಮದ್ದಾಗುವುದಿಲ್ಲ.

ಹಳೆಯದೋ, ಹೊಸದೋ?

ಏನು ಮಾಡಬೇಕು ಎಂದು ಯೋಚಿಸುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಈ ಬಾಯಿ ಮೊದಲಿನಿಂದಲೂ ಹೀಗೇ ಇತ್ತೋ, ಈಚೆಗೆ ಶುರುವಾದದ್ದೋ?

ಇಷ್ಟು ವರ್ಷ ಒಂದು ಕೆಟ್ಟ ಮಾತಾಡದಿದ್ದ ಅಮ್ಮ ಎಪ್ಪತ್ತರ ಹೊತ್ತಿಗೆ ಸೊಸೆಗೆ ಕೇಳಲಾಗದ ಮಾತು ಬೈಯತೊಡಗಿದರೆ, ಅದನ್ನು ಜಗಳ ಎಂದುಕೊಳ್ಳುವ ಮೊದಲು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಮೆದುಳಿನ ಮುಂಭಾಗ ಸವೆಯುವ ಒಂದು ಬಗೆಯ ಮರೆವಿನ ಕಾಯಿಲೆ ಇದೆ. ಅದರಲ್ಲಿ ನೆನಪು ಹೋಗುವ ಮೊದಲೇ ನಾಲಿಗೆಯ ಕಡಿವಾಣ ಹೋಗುತ್ತದೆ. ಎರಡು ಮೂರು ದಿನದಲ್ಲಿ ದಿಢೀರನೆ ಬದಲಾದರಂತೂ ಕಾಯಬಾರದು. ಮೂತ್ರದ ಸೋಂಕು, ರಕ್ತದಲ್ಲಿ ಸೋಡಿಯಂ ಇಳಿಯುವುದು, ಹೊಸ ಮಾತ್ರೆ, ಸಣ್ಣ ಸ್ಟ್ರೋಕು, ಇವೆಲ್ಲ ವಯಸ್ಸಾದವರಲ್ಲಿ ಗಲಿಬಿಲಿಯಾಗಿ, ಸಿಟ್ಟಾಗಿ, ಸಂಶಯವಾಗಿ ಕಾಣಿಸಿಕೊಳ್ಳುತ್ತವೆ. ಕೆಲವು ಬಿಪಿ ಮಾತ್ರೆಗಳಿಂದ ಸೋಡಿಯಂ ಇಳಿಯುವುದು ಉಂಟು. ಸಕ್ಕರೆ ಕಾಯಿಲೆಗೆ ಮಾತ್ರೆ ತಗೊಳ್ಳುವವರಿಗೆ ಊಟ ತಡವಾದರೆ ಸಕ್ಕರೆ ಇಳಿದು ಸಿಟ್ಟು ನೆತ್ತಿಗೇರುವುದೂ ಉಂಟು. ಬೈಗುಳ ದಿನಾ ಅದೇ ಹೊತ್ತಿಗೆ ಬರುತ್ತದೆಯೇ ಎಂದು ನೋಡಿ. ಕಿವಿಯನ್ನೂ ಮರೆಯಬೇಡಿ. ಕಿವಿ ಮಂದವಾದವರಿಗೆ ಒಳಗಿನವರು ತಮ್ಮ ಬಗ್ಗೆಯೇ ಪಿಸುಗುಡುತ್ತಾರೆ ಅನಿಸುತ್ತದೆ. ಗಂಡಸರಲ್ಲಿ ಖಿನ್ನತೆ ಅಳುವಾಗಿ ಬರುವುದಕ್ಕಿಂತ ಸಿಡುಕಾಗಿ ಬರುವುದು ಹೆಚ್ಚು. ಇವುಗಳಲ್ಲಿ ಹಲವಕ್ಕೆ ಮದ್ದಿದೆ. ವರ್ಷಗಟ್ಟಲೆ ಮನಸ್ತಾಪ ಮಾಡಿಕೊಂಡು ಕೂತರೆ ಮದ್ದಿನ ಹೊತ್ತು ಮೀರುತ್ತದೆ.

ಕುಡಿತ ಇದ್ದರೆ ಅದೊಂದು ಬೇರೆ ಅಧ್ಯಾಯ. ಕುಡಿದಾಗ ಮಾತಾಡಬೇಡಿ, ಮಾರನೇ ದಿನ ಬೆಳಿಗ್ಗೆ ಮಾತಾಡಿ. ಕೇರಳ ಅಬಕಾರಿ ಇಲಾಖೆಯ 'ವಿಮುಕ್ತಿ' ಯೋಜನೆಯಲ್ಲಿ ಕುಡಿತ ಬಿಡಿಸುವ ಚಿಕಿತ್ಸೆ ಸರ್ಕಾರಿ ಆಸ್ಪತ್ರೆಯಲ್ಲೇ ಸಿಗುತ್ತದೆ.

ಇನ್ನು ಹಳೆಯ ಬಾಯಿ. ಅದಕ್ಕೂ ಕಾರಣ ಇರುತ್ತದೆ. ಅಪ್ಪನ ಅಪ್ಪ ಅದಕ್ಕಿಂತ ಜೋರಿದ್ದರು. ಮಳೆ ಬಿಡುತ್ತಿಲ್ಲ, ತೋಟಕ್ಕೆ ಮದ್ದು ಬಿಡುವವರು ಬರಲಿಲ್ಲ, ಅಡಿಕೆ ಕೊಳೆರೋಗಕ್ಕೆ ಉದುರುತ್ತಿದೆ, ಸೊಸೈಟಿಯ ಕಂತು ಬಾಕಿ ಇದೆ. ಆ ಸಂಕಟ ನಿಜ. ಆದರೆ ಅದೇ ಸಂಕಟ ಇರುವ ಪಕ್ಕದ ಮನೆಯವರು ಬೈಯುವುದಿಲ್ಲ, ಅಲ್ವಾ? ಕಾರಣ ಗೊತ್ತಾದರೆ ನಮ್ಮ ಸಿಟ್ಟು ಸ್ವಲ್ಪ ಇಳಿಯಬಹುದು. ಅವರ ಬಾಯಿ ಅದರಿಂದ ನಿಲ್ಲುವುದಿಲ್ಲ. ಅರವತ್ತು ದಾಟಿದವರ ನಾಲಿಗೆಯನ್ನು ತಿದ್ದುವ ಕೆಲಸ ಮಕ್ಕಳದ್ದಲ್ಲ ಎಂದು ನನಗನಿಸುತ್ತದೆ. ಮಕ್ಕಳ ಕೈಯಲ್ಲಿ ಇರುವುದು ಬೇರೆ. ಆ ಮಾತು ಬೀಳುವ ಜಾಗದಲ್ಲಿ ಎಷ್ಟು ಹೊತ್ತು ನಿಲ್ಲಬೇಕು, ಯಾವ ವಿಷಯ ಎತ್ತಬೇಕು, ಯಾವಾಗ ಎದ್ದು ಹೋಗಬೇಕು ಎಂಬುದು.

ಫೋನ್ ಇಡುವುದು ಹೇಗೆ

ಹೆಚ್ಚಿನವರು ಮಾಡುವುದು ಎರಡರಲ್ಲಿ ಒಂದು. ಹಲ್ಲು ಕಚ್ಚಿ ಕೇಳಿಕೊಂಡು, ಆರು ತಿಂಗಳಿಗೊಮ್ಮೆ ಸಿಡಿದು, ಆಮೇಲೆ ತಾವೇ ಕ್ಷಮೆ ಕೇಳುವುದು. ಇಲ್ಲವೇ ಪ್ರತಿ ಮಾತಿಗೂ ವಿವರಣೆ ಕೊಡುವುದು. ವಿವರಣೆ ಕೊಟ್ಟಷ್ಟೂ ಬೈಯುವವರಿಗೆ ಹೊಸ ಎಳೆ ಸಿಗುತ್ತದೆ. "ಆಫೀಸಲ್ಲಿ ಕೆಲಸ ಇತ್ತು" ಅಂದರೆ ಆಫೀಸಿಗೆ ಬೈಗುಳ, "ಮಗುವಿಗೆ ಜ್ವರ" ಅಂದರೆ ಮಗು ನೋಡಿಕೊಳ್ಳಲು ಬಾರದ ಸೊಸೆಗೆ ಬೈಗುಳ.

ಬೆಂಗಳೂರಲ್ಲಿರುವ ಮಗ ಪೆರ್ಲದ ಕಡೆಯ ಮನೆಗೆ ಫೋನ್ ಮಾಡಿದ್ದಾನೆ ಎಂದಿಟ್ಟುಕೊಳ್ಳಿ.

"ಏನು, ಬದುಕಿದ್ದೀಯಾ ಇನ್ನೂ? ಹೆಂಡತಿಯ ಸೆರಗು ಹಿಡ್ಕೊಂಡು ಇರ್ಲಿಕ್ಕೆ ಹೋದದ್ದಾ ಅಲ್ಲಿಗೆ?"

"ಅಪ್ಪಾ, ಬೈದರೆ ನಾನು ಫೋನ್ ಇಡ್ತೇನೆ. ಬಿಪಿ ಮಾತ್ರೆ ಮುಗ್ದಿದೆಯಾ?"

"ನೀನ್ಯಾರು ಕೇಳ್ಲಿಕ್ಕೆ? ಬೇವರ್ಸಿ!"

"ಇಡ್ತೇನೆ ಅಪ್ಪಾ. ಆದಿತ್ಯವಾರ ಮಾಡ್ತೇನೆ."

ಅಷ್ಟೇ. ಇದರಲ್ಲಿ ಗಮನಿಸಬೇಕಾದದ್ದು, ಮಗ "ನೀವು ಹಾಗೆ ಮಾತಾಡಬಾರದು" ಅಂದಿಲ್ಲ. ಅದು ಅಪ್ಪನಿಗೆ ಕೊಟ್ಟ ಆಜ್ಞೆಯಾಗುತ್ತಿತ್ತು, ಅಪ್ಪ ಅದನ್ನು ಪಾಲಿಸುವುದಿಲ್ಲ. ತಾನೇನು ಮಾಡುತ್ತೇನೆ ಎಂದಷ್ಟೇ ಹೇಳಿದ, ಹಾಗೇ ಮಾಡಿದ. ದನಿ ಏರಿಸಲಿಲ್ಲ. ಹಿಂದಿನ ಕಥೆ ತೆಗೆಯಲಿಲ್ಲ. ಮತ್ತೆ ಯಾವಾಗ ಮಾತಾಡುವುದು ಎಂದು ಹೇಳಿ ಇಟ್ಟ. ಆ ಕೊನೆಯ ಮಾತು ಬೇಕೇಬೇಕು. ಇಲ್ಲದಿದ್ದರೆ "ಮಗ ಫೋನ್ ಕಟ್ ಮಾಡಿದ, ಸಂಬಂಧ ಮುಗಿಯಿತು" ಎಂದು ಸಂಜೆಯೊಳಗೆ ಇಡೀ ಕುಟುಂಬಕ್ಕೆ ಸುದ್ದಿ ಹೋಗುತ್ತದೆ. ಆದಿತ್ಯವಾರ ಫೋನ್ ಮಾಡಲೇಬೇಕು, ತಪ್ಪಿಸಬಾರದು.

ಮೊದಮೊದಲು ಬೈಗುಳ ಜಾಸ್ತಿಯಾಗುತ್ತದೆ. ಇಷ್ಟು ವರ್ಷ ಕೆಲಸ ಮಾಡಿದ ಅಸ್ತ್ರ ಈಗ ಕೆಲಸ ಮಾಡುತ್ತಿಲ್ಲ ಎಂದಾದಾಗ ಯಾರಾದರೂ ಅದನ್ನೇ ಇನ್ನೂ ಜೋರಾಗಿ ಎಸೆದು ನೋಡುತ್ತಾರೆ. ಹೆಚ್ಚಿನ ಮಕ್ಕಳು ಸೋಲುವುದು ಇಲ್ಲೇ. ಎರಡು ಸಲ ಫೋನ್ ಇಟ್ಟು, ಮೂರನೇ ಸಲ ಅಮ್ಮ ಅತ್ತರೆಂದು ಒಂದು ಗಂಟೆ ಬೈಸಿಕೊಂಡರೆ ಅಪ್ಪ ಕಲಿಯುವುದು ಒಂದೇ: ಇನ್ನೂ ಸ್ವಲ್ಪ ಎಳೆದರೆ ಇವನು ಬಗ್ಗುತ್ತಾನೆ.

ಒಂದೇ ಮನೆಯಲ್ಲಿ ಇರುವವರಿಗೆ ಫೋನ್ ಇಡುವ ಸುಲಭ ಇಲ್ಲ. ಅವರಿಗೆ ಅಂಗಳ ಇದೆ, ಕೊಟ್ಟಿಗೆ ಇದೆ, ಪಕ್ಕದ ಮನೆ ಇದೆ. ಎದ್ದು ಹೋಗುವಾಗ ಬಾಗಿಲು ದಡಾರನೆ ಹಾಕಬೇಡಿ. "ದನಿ ಇಳಿದ ಮೇಲೆ ಬರ್ತೇನೆ" ಎಂದು ಹೇಳಿ ಹೋಗಿ. ದುಡ್ಡು, ತೋಟ, ಮದುವೆ ವಿಷಯಗಳನ್ನು ಊಟದ ಹೊತ್ತಲ್ಲಿ ಎತ್ತಬೇಡಿ. ಅಪ್ಪ ಗೌರವ ಕೊಡುವ ಮಾವನೋ ಚಿಕ್ಕಪ್ಪನೋ ಇದ್ದರೆ ಅವರ ಎದುರಲ್ಲಿ ಎತ್ತಿ. ಹೊರಗಿನವರ ಮುಂದೆ ಬಾಯಿ ಕಟ್ಟಲು ಬರುತ್ತದೆ ಎಂದೆನಲ್ಲ, ಅದು ಇಲ್ಲಿ ನಿಮ್ಮ ಉಪಯೋಗಕ್ಕೆ ಬರಲಿ. ಕೈ ಎತ್ತುವ ಅಭ್ಯಾಸ ಇರುವವರ ಹತ್ತಿರ ಮಾತ್ರ ಈ ಯಾವ ಪ್ರಯೋಗವೂ ಬೇಡ. ಅಲ್ಲಿ ಮೊದಲು ಸುರಕ್ಷಿತ ಜಾಗ, ಮಾತುಕತೆ ಆಮೇಲೆ.

ಎರಡು ಬೆದರಿಕೆಗಳ ಬಗ್ಗೆ ಬೇರೆಯಾಗಿಯೇ ಹೇಳಬೇಕು. "ಬಾವಿಗೆ ಹಾರ್ತೇನೆ" ಎಂಬುದು ನಾಟಕವೋ ನಿಜವೋ ಎಂದು ತೀರ್ಮಾನಿಸುವ ಕೆಲಸ ನಿಮ್ಮದಲ್ಲ. ವಾದ ಮಾಡಬೇಡಿ, "ಹಾರಿ ನೋಡುವಾ" ಎಂದು ಅಪ್ಪಿತಪ್ಪಿಯೂ ಹೇಳಬೇಡಿ. ಒಬ್ಬರನ್ನು ಜೊತೆಗೆ ಕೂರಿಸಿ, ಡಾಕ್ಟರಿಗೆ ತೋರಿಸಿ. ನಿಜವಾಗಿದ್ದರೆ ಜೀವ ಉಳಿಯುತ್ತದೆ. ಮಾತಿಗೆ ಹೇಳಿದ್ದಾದರೆ, ಪ್ರತಿ ಸಲವೂ ಇದು ಆಸ್ಪತ್ರೆಗೆ ಹೋಗುವ ವಿಷಯ ಎಂಬುದು ಅವರಿಗೂ ಗೊತ್ತಾಗುತ್ತದೆ.

ಇನ್ನೊಂದು, "ಆಸ್ತಿಯಲ್ಲಿ ಒಂದು ಸೆಂಟ್ಸ್ ಕೊಡುವುದಿಲ್ಲ". ಅಪ್ಪ ಸ್ವಂತ ದುಡಿದು ಮಾಡಿದ ಜಾಗವನ್ನು ಅವರು ಯಾರಿಗೆ ಬೇಕಾದರೂ ಬರೆದುಕೊಡಬಹುದು. ಬೆದರಿಕೆ ಸುಳ್ಳೆಂದು ಹೇಳಿ ನಿಮ್ಮನ್ನು ಹುರಿದುಂಬಿಸಲಾರೆ. ಆದರೆ ಎಷ್ಟು ಜಾಗ, ಯಾರ ಹೆಸರಲ್ಲಿದೆ, ಹೇಗೆ ಬಂದದ್ದು ಎಂದು ಒಮ್ಮೆ ತಿಳಿದುಕೊಳ್ಳಿ. ಹಿರಿಯರಿಂದ ಬಂದ ಜಾಗದ ಲೆಕ್ಕ ಬೇರೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ನೆರವು ಉಚಿತ. 15100ಕ್ಕೆ ಕರೆ ಮಾಡಿಯೂ ಕೇಳಬಹುದು. ಅರ್ಧ ಎಕರೆಗಾಗಿ ಇಪ್ಪತ್ತು ವರ್ಷ ಬೈಸಿಕೊಳ್ಳಬೇಕೇ ಎಂಬುದು ಆಮೇಲೆ ನಿಮ್ಮ ಲೆಕ್ಕ.

ಕಾನೂನು ಏನು ಹೇಳುತ್ತದೆ

ಮಾತಿಗೂ ಕಾನೂನಿದೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ 3ನೇ ಸೆಕ್ಷನ್ ಅವಮಾನ, ಹೀಯಾಳಿಕೆ, ಹೆಸರಿಟ್ಟು ಬೈಯುವುದು, ಮಕ್ಕಳಾಗಲಿಲ್ಲ ಅಥವಾ ಗಂಡು ಮಗು ಆಗಲಿಲ್ಲ ಎಂದು ಚುಚ್ಚುವುದು, ಇವನ್ನೆಲ್ಲ ಹಿಂಸೆ ಎಂದೇ ಕರೆಯುತ್ತದೆ. ಇದು ಗಂಡ ಹೆಂಡತಿಗೆ ಮಾತ್ರ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಮಗಳು ಅಪ್ಪನ ಮೇಲೆ ದೂರು ಕೊಡಬಹುದು, ಸೊಸೆ ಮಾವನ ಮೇಲೆ ಕೊಡಬಹುದು, ಅಮ್ಮ ಮಗನ ಮೇಲೆಯೂ ಕೊಡಬಹುದು. 2016ರಲ್ಲಿ ಸುಪ್ರೀಂ ಕೋರ್ಟ್ 'ವಯಸ್ಕ ಗಂಡಸು' ಎಂಬ ಪದಗಳನ್ನು ಕಾಯ್ದೆಯಿಂದ ತೆಗೆದುಹಾಕಿದ ಮೇಲೆ ಹೆಂಗಸಿನ ಮೇಲೂ ದೂರು ಹೋಗುತ್ತದೆ. ಆದರೆ ದೂರು ಕೊಡುವವರು ಹೆಂಗಸೇ ಆಗಿರಬೇಕು. ಬೈಸಿಕೊಳ್ಳುವ ಗಂಡು ಮಕ್ಕಳಿಗೆ ಈ ಕಾಯ್ದೆಯಲ್ಲಿ ಜಾಗ ಇಲ್ಲ. ಇದೊಂದು ಕೊರತೆಯೇ.

ಇದರಲ್ಲಿ ಒಂದು ಅನುಕೂಲ ಇದೆ. ದೂರು ಕೊಟ್ಟ ಕೂಡಲೇ ಯಾರನ್ನೂ ಜೈಲಿಗೆ ಹಾಕುವುದಿಲ್ಲ. ಹೀಗೆ ನಡೆದುಕೊಳ್ಳಬಾರದು, ಮನೆಯಿಂದ ಹೊರಹಾಕಬಾರದು ಎಂದು ಮ್ಯಾಜಿಸ್ಟ್ರೇಟರು ಆದೇಶ ಕೊಡುತ್ತಾರೆ. ಆ ಆದೇಶ ಮುರಿದರೆ ಮಾತ್ರ ಒಂದು ವರ್ಷದವರೆಗೆ ಶಿಕ್ಷೆ, 20,000 ರೂಪಾಯಿವರೆಗೆ ದಂಡ. ಅಪ್ಪನನ್ನು ಪೊಲೀಸರು ಎಳೆದುಕೊಂಡು ಹೋಗುವುದು ಬೇಡ, ಬೈಗುಳ ನಿಂತರೆ ಸಾಕು ಎನ್ನುವ ಮಗಳಿಗೆ ಇದು ಹೊಂದುತ್ತದೆ. ಮೊದಲು ಕಾಣಬೇಕಾದವರು ಜಿಲ್ಲೆಯ ಮಹಿಳಾ ಸಂರಕ್ಷಣಾ ಅಧಿಕಾರಿ. ಅವರಿಗೆ ನೆರೆಮನೆಯವರೂ ಮಾಹಿತಿ ಕೊಡಬಹುದು. ಒಳ್ಳೆಯ ಉದ್ದೇಶದಿಂದ ಕೊಟ್ಟ ಮಾಹಿತಿಗೆ ಕೇಸು ಬೀಳುವುದಿಲ್ಲ ಎಂದು ಕಾಯ್ದೆಯೇ ಹೇಳುತ್ತದೆ. ಮಹಿಳಾ ಸಹಾಯವಾಣಿ 181ಕ್ಕೂ ಕರೆ ಮಾಡಬಹುದು. ಇಲಾಖೆ, ಕೋರ್ಟು ಎಂದರೆ ಹಿಂಜರಿಯುವವರಿಗೆ, ಕೇರಳದ ಹೆಂಗಸರ ಸ್ವಸಹಾಯ ಸಂಘಗಳ ಜಾಲವಾದ ಕುಡುಂಬಶ್ರೀಯ 'ಸ್ನೇಹಿತ' ನೆರವು ಕೇಂದ್ರ ಇನ್ನೂ ಹತ್ತಿರದ್ದು. ಕುಡುಂಬಶ್ರೀ ಸಂಘದಲ್ಲಿ ಇರುವ ಹೆಂಗಸರಿಗೆ ದಾರಿ ಗೊತ್ತಿರುತ್ತದೆ.

ಹದಿನೆಂಟು ತುಂಬದ ಮಕ್ಕಳಿಗೆ ಮಕ್ಕಳ ಸಹಾಯವಾಣಿ 1098. ಶಾಲೆಯ ಕೌನ್ಸಿಲರ್ ಇದ್ದರೆ ಅವರೂ ಆಗಬಹುದು. ಮಗುವಿನ ಜವಾಬ್ದಾರಿ ಹೊತ್ತವರು ಅದಕ್ಕೆ ಅನಗತ್ಯ ಮಾನಸಿಕ ಹಿಂಸೆ ಕೊಟ್ಟರೆ 2015ರ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ ಪ್ರಕಾರ ಮೂರು ವರ್ಷದವರೆಗೂ ಜೈಲಾಗಬಹುದು.

ಗಡಿನಾಡಿನ ಕನ್ನಡಿಗರಿಗೆ ಇಲ್ಲೊಂದು ತೊಡಕಿದೆ. ಬೈಗುಳ ಬಿದ್ದದ್ದು ಕನ್ನಡದಲ್ಲಿ, ಅಳು ಬರುವುದೂ ಕನ್ನಡದಲ್ಲಿ, ಎದುರಿಗೆ ಕೂತ ಅಧಿಕಾರಿಗೆ ಮಲಯಾಳದಲ್ಲಿ ಹೇಳಬೇಕು. ಹೇಳಲು ಹೋದರೆ ಮಾತು ಸಪ್ಪೆಯಾಗುತ್ತದೆ, ಕೇಳಿದವರಿಗೆ ಇಷ್ಟೇನಾ ಅನಿಸುತ್ತದೆ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಂತೆ ಇಲ್ಲಿನ ಕನ್ನಡ ಅಲ್ಪಸಂಖ್ಯಾತರು ಸರ್ಕಾರಿ ಕಚೇರಿಗೆ ಕನ್ನಡದಲ್ಲೇ ಬರೆಯಬಹುದು. ಹಾಗಾಗಿ ದೂರನ್ನು ಕನ್ನಡದಲ್ಲೇ ಬರೆದು ಒಯ್ಯಿರಿ. ಆಡಿದ ಮಾತನ್ನು ಆಡಿದ ಹಾಗೇ ಬರೆಯಿರಿ, ತಾರೀಕು ಹಾಕಿ. ಮನಸ್ಸು ಹಗುರ ಮಾಡಿಕೊಳ್ಳಲು 14416 ಇದೆ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, 2022ರ ಅಕ್ಟೋಬರಿನಲ್ಲಿ ಶುರುವಾದದ್ದು. ಹಗಲು ರಾತ್ರಿ ಉಚಿತ. ಅದರಲ್ಲಿ ಕನ್ನಡವೂ ಇದೆ.

ಬೈದವರನ್ನೇ ನೋಡಿಕೊಳ್ಳುವಾಗ

ಕಷ್ಟ ಇರುವುದು ಇಲ್ಲಿ. ಬಾಲ್ಯವಿಡೀ ಬೈದ ಅಪ್ಪ ಈಗ ಹಾಸಿಗೆ ಹಿಡಿದಿದ್ದಾರೆ, ಬಾಯಿ ಮಾತ್ರ ಹಾಸಿಗೆ ಹಿಡಿದಿಲ್ಲ. ಬಿಟ್ಟು ಹೋಗಲು ಮನಸ್ಸು ಬಾರದು. ಕಾನೂನೂ ಬಿಡದು. 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ಪೋಷಣೆ ಎಂದರೆ ಊಟ, ಬಟ್ಟೆ, ವಸತಿ, ಔಷಧೋಪಚಾರ. ನೋಡಿಕೊಳ್ಳಬೇಕಾದವರು ಹಿರಿಯರನ್ನು ಪೂರ್ತಿ ಕೈಬಿಟ್ಟರೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ ಇದೆ. ಆ ಪಟ್ಟಿಯನ್ನು ಇನ್ನೊಮ್ಮೆ ಓದಿ. ಪಕ್ಕದಲ್ಲಿ ಕೂತು ಬೈಸಿಕೊಳ್ಳಬೇಕು ಎಂದು ಎಲ್ಲೂ ಬರೆದಿಲ್ಲ.

ಹಾಗಾಗಿ ಸೇವೆಯನ್ನು ಬೈಗುಳದಿಂದ ಬೇರೆ ಮಾಡಿ. ಮಾತ್ರೆ ಕೊಡುವುದು, ಮೀಯಿಸುವುದು, ಆಸ್ಪತ್ರೆಗೆ ಒಯ್ಯುವುದು ನಡೆಯಲಿ. ಅದು ಮುಗಿದ ಕೂಡಲೇ ಕೋಣೆಯಿಂದ ಹೊರಗೆ ಬನ್ನಿ. ದುಡ್ಡಿದ್ದರೆ ಹೋಂ ನರ್ಸ್ ಇಡಿ. ಹೊರಗಿನವರ ಕೈಯಲ್ಲಿ ಊಟ ಮಾಡುವಾಗ ಹಲವರು ಬೈಯುವುದಿಲ್ಲ. ಅಣ್ಣ ತಮ್ಮಂದಿರಿದ್ದರೆ ಖರ್ಚನ್ನು ಮಾತ್ರ ಹಂಚಿಕೊಂಡರೆ ಸಾಲದು, ಹತ್ತಿರ ಕೂರುವ ಹೊತ್ತನ್ನೂ ಹಂಚಿಕೊಳ್ಳಬೇಕು. ದುಬೈಯಿಂದ ದುಡ್ಡು ಕಳಿಸುವ ಅಣ್ಣ "ನಿನಗೆ ಸ್ವಲ್ಪ ತಾಳ್ಮೆ ಬೇಕು" ಎಂದು ಮನೆಯಲ್ಲಿರುವ ತಂಗಿಗೆ ಬುದ್ಧಿ ಹೇಳುವುದು ಸುಲಭ. ಅವನು ರಜೆಯಲ್ಲಿ ಬಂದಾಗ ಹದಿನೈದು ದಿನ ಪೂರ್ತಿ ಅವನಿಗೇ ವಹಿಸಿ ನೋಡಿ.

ಬೈಗುಳ ಮೊಮ್ಮಕ್ಕಳ ಮೇಲೆ ತಿರುಗಿದರೆ ಎಚ್ಚರಿಕೆಯ ಮಾತೂ ಬೇಡ. ಮಗುವನ್ನು ಅಲ್ಲಿಂದ ಕರೆದುಕೊಂಡು ಹೊರಡಿ, ಹಬ್ಬದ ಊಟ ಅರ್ಧಕ್ಕೆ ನಿಂತರೂ ಸರಿ. "ಅಜ್ಜ ಹೇಳಿದ್ದು ತಪ್ಪು, ನೀನು ಏನೂ ಮಾಡಿಲ್ಲ" ಎಂದು ಆ ದಿನವೇ ಹೇಳಿ. ಅಜ್ಜನ ಎದುರಲ್ಲೇ ಹೇಳಿದರೆ ಇನ್ನೂ ಒಳ್ಳೆಯದು.